ಹಡಗಿನ ಪಹಣಿ

ಒಂದು ದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪು ಎರಡು ಡಜನ್ ಪೆನ್ಸಿಲ್‌ಗಳನ್ನು ಹಿಡಿದು ನಿಲ್ಲಿಸಿತ್ತು. ಹಡಗಿಗೆ ಹೊರಟ ಸಾಮಾನಿನ ಪಟ್ಟಿಯಲ್ಲಿ ಅಂಗಡಿಯವರು ‘ಲೆಡ್ ಪೆನ್ಸಿಲ್’ ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ ಲೆಡ್ ಎಂದರೆ ಸೀಸ. ಸೀಸವೋ, ಹಡಗಿನಲ್ಲಿ ಗ್ರಾಂ ಲೆಕ್ಕ ಇಡಬೇಕಾದ ವಸ್ತು. ಪೆನ್ಸಿಲಿನೊಳಗೆ ಇರುವುದು ಗ್ರಾಫೈಟ್, ಸೀಸ ಅಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಆ ಸಾಲಿಗೆ ಕೆಂಪು ಬಳಿದು, ‘ತಯಾರಕರ ಘೋಷಣೆ ಬೇಕು’ ಎಂದು ಹಟ ಹಿಡಿದಿತ್ತು. ಅದೇ ಪಟ್ಟಿಯಲ್ಲಿ ನಾಲ್ಕು ಸಾಲು ಕೆಳಗೆ ‘ಜಾಯಿಂಟಿಂಗ್ ಶೀಟ್, 2 ಮಿ.ಮೀ., 3 ಹಾಳೆ’ ಎಂಬುದು ‘ಇತರೆ ಸಾಮಾನು’ ಗುಂಪಿಗೆ ಸೇರಿಕೊಂಡು ಸದ್ದಿಲ್ಲದೆ ದಾಟಿಹೋಗಿತ್ತು.

ನನಗೆ ಸಂಬಳ ಕೊಡುವುದು ಆ ಮೂರು ಹಾಳೆಗಾಗಿ.

1986ರಲ್ಲಿ ಫಿಫ್ತ್ ಎಂಜಿನಿಯರ್ ಆಗಿ ಹಡಗು ಹತ್ತಿದವನು ನಾನು. 2019ರಲ್ಲಿ ಚೀಫ್ ಎಂಜಿನಿಯರ್ ಆಗಿ ಇಳಿದೆ. ಈಗ ಸುರತ್ಕಲ್ಲಿನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಮುಂಬಯಿಯ ಒಂದು ಕಚೇರಿಗಾಗಿ ಹನ್ನೊಂದು ಹಡಗುಗಳ ‘ಐಎಚ್‌ಎಂ’ ನೋಡಿಕೊಳ್ಳುತ್ತೇನೆ. ಹಾಗೆಂದರೆ ಹಡಗಿನ ಮೈಯಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ. ಯಾವ ವಸ್ತು, ಎಷ್ಟು ಕಿಲೋ, ಯಾವ ಡೆಕ್ಕಿನ ಯಾವ ಮೂಲೆಯಲ್ಲಿ ಎಂದು ಬರೆದಿಡುವುದು, ಬದಲಾದಾಗ ತಿದ್ದುವುದು. ಕೇಳಲಿಕ್ಕೆ ಗುಮಾಸ್ತಿಕೆ. ಮಾಡಲಿಕ್ಕೆ ಹೋದರೆ ಪತ್ತೇದಾರಿಕೆ.

2025ರ ಜೂನ್ 9ರಂದು ಕೇರಳದ ಆಚೆ ಕಡಲಿನಲ್ಲಿ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತಲ್ಲ, ಅದರಿಂದ ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಕರೆತಂದದ್ದು ನಮ್ಮ ಪಣಂಬೂರಿನ ಬಂದರಿಗೆ. ನಾಲ್ವರ ಸುಳಿವು ಇರಲಿಲ್ಲ. ಮರುದಿನ ನನ್ನ ಹೆಂಡತಿಯ ತಮ್ಮ ಪೇಪರು ಹಿಡಿದುಕೊಂಡೇ ಬಂದ. “ಭಾವ, ಆ ಹಡಗಿನಲ್ಲಿ ಎಂತೆಂಥ ವಿಷ ಉಂಟು ಅಂತ ನಿಮ್ಮ ಕಂಪ್ಯೂಟರಿನಲ್ಲಿ ಇರಬೇಕಲ್ಲ?”

“ಇಲ್ಲ ಮಾರಾಯ. ಅದು ಬೇರೆಯೇ ಪಟ್ಟಿ,” ಅಂದೆ.

ಈ ಗೊಂದಲ ಬಹಳ ಜನರಿಗೆ ಇದೆ, ಆದ್ದರಿಂದ ಇಲ್ಲೇ ಬಿಡಿಸಿಬಿಡುತ್ತೇನೆ. ಲಾರಿಯಲ್ಲಿ ಸಾಗಿಸುವ ಗ್ಯಾಸ್ ಸಿಲಿಂಡರ್ ಬೇರೆ, ಲಾರಿಯ ಬ್ರೇಕ್ ಲೈನಿಂಗ್ ಬೇರೆ. ಹಡಗಿನ ಕಂಟೇನರುಗಳೊಳಗಿನ ರಾಸಾಯನಿಕ, ಬ್ಯಾಟರಿ, ಸ್ಫೋಟಕ ಇವೆಲ್ಲ ಸರಕು. ಬಂದರು ಬಂದಾಗ ಇಳಿದುಹೋಗುತ್ತವೆ, ಅವಕ್ಕೆ ಬೇರೆ ಕಾನೂನು, ಬೇರೆ ಕಾಗದ. ನಾನು ಲೆಕ್ಕ ಇಡುವುದು ಇಳಿಯದೇ ಉಳಿಯುವ ವಿಷಕ್ಕೆ. ಪೈಪುಗಳ ನಡುವಿನ ಗ್ಯಾಸ್ಕೆಟ್, ಲಂಗರು ಎತ್ತುವ ಯಂತ್ರದ ಬ್ರೇಕ್ ಪಟ್ಟಿ, ಬಾಗಿಲಿನೊಳಗಿನ ಅಗ್ನಿನಿರೋಧಕ ಹಲಗೆ, ಹಳೇ ಕೇಬಲಿನ ಹೊದಿಕೆ, ಟ್ಯೂಬ್‌ಲೈಟಿನ ಪಾದರಸ, ಫ್ರಿಜ್ಜಿನ ಅನಿಲ, ಅಡಿಯ ಬಣ್ಣ. ಕೆಲವು ಹಳೆಯ ಹೊಗೆಪತ್ತೆ ಸಾಧನಗಳಲ್ಲಿ ಅಮೆರಿಶಿಯಂ-241 ಎಂಬ ವಿಕಿರಣ ವಸ್ತುವಿನ ಚೂರು ಕೂಡ ಇರುತ್ತದೆ. ಹಡಗು ಹುಟ್ಟಿದಾಗಿನಿಂದ ಸಾಯುವವರೆಗೆ ಅದರ ಜೊತೆಯಲ್ಲೇ ಇರುವಂಥವು ಇವು.

ಭಾವಮೈದ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಹಡಗಿನ ಪಹಣಿ ಅನ್ನಿ,” ಎಂದ. ಜಾಗದ ವ್ಯವಹಾರ ಮಾಡುವವನು, ಅವನಿಗೆ ಎಲ್ಲವೂ ಪಹಣಿಯೇ. ಆದರೆ ನನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಈತನಕ ಕೇಳಿಲ್ಲ. ಜಮೀನಿನಲ್ಲಿ ಏನಿದೆ, ಯಾರ ಹೆಸರಿನಲ್ಲಿದೆ ಎಂದು ಪಹಣಿ ಹೇಳುತ್ತದೆ. ಮಾರಿದರೆ, ಪಾಲಾದರೆ ಮ್ಯುಟೇಶನ್ ಆಗಬೇಕು. ಆಗದಿದ್ದರೆ ಪಹಣಿ ಒಂದು ದಾರಿ, ಜಮೀನು ಇನ್ನೊಂದು ದಾರಿ.

ನನ್ನ ಮೊದಲ ಹಡಗು 1974ರಲ್ಲಿ ಜಪಾನಿನಲ್ಲಿ ಕಟ್ಟಿದ್ದು. ಅದರ ಎಂಜಿನ್ ರೂಮಿನಲ್ಲಿ ಉಗಿಯ ಪೈಪು ಸೋರಿದರೆ ಗ್ಯಾಸ್ಕೆಟ್ ಕತ್ತರಿಸುವುದು ಕಿರಿಯನಾದ ನನ್ನ ಪಾಲಿನ ಕೆಲಸ. ಬೂದು ಬಣ್ಣದ ಹಾಳೆಯನ್ನು ಫ್ಲೇಂಜಿನ ಮೇಲೆ ಇಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿಗುಂಟ ಮೆಲ್ಲಗೆ ಬಡಿಯುತ್ತ ಹೋದರೆ ಹಾಳೆ ಚೊಕ್ಕವಾಗಿ ಕತ್ತರಿಸಿ ಬರುತ್ತದೆ. ಆ ಸದ್ದು ನನಗೆ ಈಗಲೂ ಇಷ್ಟ. ಅದಕ್ಕೆ ಮುಂಚೆ ಹಳೆಯದನ್ನು ಕೆರೆದು ತೆಗೆಯಬೇಕು. ತಂತಿಬ್ರಶ್ಶಿನಲ್ಲಿ ಉಜ್ಜಿ, ಕಂಪ್ರೆಸರಿನ ಗಾಳಿ ಬಿಟ್ಟು ಪುಡಿ ಹಾರಿಸುತ್ತಿದ್ದೆ. ಬಾಯ್ಲರಿನ ಪೈಪಿಗೆ ಸುತ್ತಿದ ಬಿಳಿ ಹೊದಿಕೆ ಒಡೆದರೆ ನಮ್ಮ ಫಿಟ್ಟರ್ ಒಂದು ಚೀಲದಿಂದ ಪುಡಿ ತೆಗೆದು ಬಕೆಟ್ಟಿನಲ್ಲಿ ನೀರು ಹಾಕಿ, ಚಪಾತಿ ಹಿಟ್ಟು ನಾದಿದ ಹಾಗೆ ಬರಿಗೈಯಲ್ಲಿ ನಾದಿ ಮೆತ್ತುತ್ತಿದ್ದ. ಬಿಸಿಲಿನ ಕೋಲಿನಲ್ಲಿ ಆ ಪುಡಿ ಮಿನುಗುವುದನ್ನು ನೋಡುತ್ತ ನಾವು ಚಹಾ ಕುಡಿಯುತ್ತಿದ್ದೆವು.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಎಷ್ಟು ಸರಿಯಾದ ಹೆಸರಿದೆ! ಕಲ್ಲು, ಆದರೆ ನಾರು. ಬೆಂಕಿಗೆ ಜಗ್ಗುವುದಿಲ್ಲ, ಅಗ್ಗ, ಹತ್ತಿಯಂತೆ ನೇಯಬಹುದು. ಹಾಗಾಗಿ ಹಡಗು ಕಟ್ಟುವವರಿಗೆ ಅದು ದೇವರು ಕೊಟ್ಟ ವಸ್ತು ಆಗಿತ್ತು. ಅದರ ಎಳೆ ಉಸಿರಿನೊಂದಿಗೆ ಪುಪ್ಪುಸಕ್ಕೆ ಇಳಿದರೆ ಅಲ್ಲಿಯೇ ನೆಲೆಸುತ್ತದೆ, ಕ್ಯಾನ್ಸರಾಗಿ ಎದ್ದು ಬರಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ನನ್ನ ಎಕ್ಸ್‌ರೇ ಈವರೆಗೆ ಶುಭ್ರವಾಗಿದೆ. ಆ ಫಿಟ್ಟರ್ ಈಗ ಎಲ್ಲಿದ್ದಾನೋ, ಹೇಗಿದ್ದಾನೋ.

ಹೊಸದಾಗಿ ಕಲ್ನಾರು ಬಳಸುವುದನ್ನು ಹಡಗುಗಳಲ್ಲಿ 2002ರ ಜುಲೈಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸಿದರು. 2011ರ ಜನವರಿ 1ರಿಂದ ವಿನಾಯಿತಿಯೂ ಹೋಯಿತು. ಆದರೆ ಮೊದಲೇ ಒಳಗೆ ಇದ್ದದ್ದು ಒಳಗೇ ಇತ್ತು. ಅದು ಹೊರಬೀಳುವುದು ಹಡಗು ಒಡೆಯುವ ದಿನ. ಜಗತ್ತಿನ ದೊಡ್ಡ ಹಡಗುಗಳಲ್ಲಿ ಬಹುಪಾಲು ಒಡೆಯುವುದು ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ನಮ್ಮ ಗುಜರಾತಿನ ಅಲಂಗ್ ತೀರಗಳಲ್ಲಿ. ಅಲಂಗ್‌ನಲ್ಲಿ 1983ರಿಂದ ಈ ಕೆಲಸ ನಡೆದಿದೆ. ಖಂಭಾತ್ ಕೊಲ್ಲಿಯಲ್ಲಿ ಭರತ-ಇಳಿತದ ಅಂತರ ಅಸಾಧ್ಯ ದೊಡ್ಡದು. ದೊಡ್ಡ ಭರತದ ದಿನ ಹಡಗನ್ನು ಪೂರ್ಣ ವೇಗದಲ್ಲಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದ ಮೇಲೆ ಹಡಗು ಕೆಸರಿನಲ್ಲಿ ನಿಂತಿರುತ್ತದೆ, ಗ್ಯಾಸ್ ಕಟರ್ ಹಿಡಿದ ಹುಡುಗರು ಹತ್ತುತ್ತಾರೆ. ಗೋಡೆಯ ಹಿಂದೆ ಏನಿದೆ ಎಂದು ಅವರಿಗೆ ಯಾರು ಹೇಳಬೇಕು?

ಈ ಪ್ರಶ್ನೆಗೆ ಉತ್ತರವಾಗಿ 2009ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್ ಒಪ್ಪಂದ ಹುಟ್ಟಿತು. ಜಾರಿಯಾದದ್ದು 2025ರ ಜೂನ್ 26ರಂದು. ನಡುವೆ ಹದಿನಾರು ವರ್ಷ! ಹದಿನೈದು ದೇಶಗಳು ಒಪ್ಪಬೇಕು, ಅವುಗಳ ಹಡಗುಗಳು ಸೇರಿ ಜಗತ್ತಿನ ಒಟ್ಟು ಟನ್ನೇಜಿನ ಶೇ. 40 ಆಗಬೇಕು, ಜೊತೆಗೆ ಹಡಗು ಒಡೆಯುವ ಸಾಮರ್ಥ್ಯವೂ ಇಂತಿಷ್ಟು ಇರಬೇಕು ಎಂಬ ಷರತ್ತುಗಳಿದ್ದವು. ಭಾರತ 2019ರ ನವೆಂಬರಿನಲ್ಲಿ ಸೇರಿತು, ಅದೇ ವರ್ಷ ಹಡಗು ಮರುಬಳಕೆ ಕಾಯ್ದೆಯನ್ನೂ ಮಾಡಿತು. 2023ರ ಜೂನಿನಲ್ಲಿ ಬಾಂಗ್ಲಾದೇಶ ಮತ್ತು ಲೈಬೀರಿಯಾ ಒಪ್ಪಿದ ಮೇಲೆ ಲೆಕ್ಕ ಭರ್ತಿಯಾಯಿತು. ನಿಜ ಹೇಳಬೇಕೆಂದರೆ ನಮ್ಮ ಹಡಗು ಮಾಲೀಕರನ್ನು ಎಬ್ಬಿಸಿದ್ದು ಹಾಂಗ್‌ಕಾಂಗ್ ಅಲ್ಲ, ಯೂರೋಪು. 2020ರ ಡಿಸೆಂಬರ್ 31ರಿಂದ ಯಾವ ದೇಶದ ಧ್ವಜದ ಹಡಗೇ ಆಗಲಿ, ಈ ಪಟ್ಟಿ ಇಲ್ಲದೆ ಯೂರೋಪಿಯನ್ ಒಕ್ಕೂಟದ ಬಂದರಿಗೆ ಬರುವಂತಿಲ್ಲ ಎಂದರು. ಅದು ಕೊರೊನಾ ಕಾಲ, ಪರಿಣತರು ಹಡಗು ಹತ್ತುವಂತಿರಲಿಲ್ಲ. ಆರು ತಿಂಗಳ ರಿಯಾಯಿತಿ ಸಿಕ್ಕಿತು. ಆ ಗಡಿಬಿಡಿಯಲ್ಲಿ ತಯಾರಾದ ಪಟ್ಟಿಗಳು ಎಂಥವು ಎಂದು ಈಗ ಅವುಗಳನ್ನು ನೋಡಿಕೊಳ್ಳುವ ನಮಗೆ ಗೊತ್ತು.

ಪಟ್ಟಿಗೆ ಮೂರು ಭಾಗ. ಎರಡನೆಯದು ಹಡಗಿನ ಕೊಳಕು ಎಣ್ಣೆ, ಕಸ ಇತ್ಯಾದಿ. ಮೂರನೆಯದು ಸ್ಟೋರಿನ ಸಾಮಾನು. ಇವೆರಡನ್ನೂ ಒಡೆಯಲು ಹೊರಟಾಗ ಬರೆದರೆ ಸಾಕು. ತಲೆನೋವು ಇರುವುದು ಮೊದಲ ಭಾಗದಲ್ಲಿ, ಅಂದರೆ ಬಣ್ಣ, ಯಂತ್ರ, ಒಡಲು. ಇದನ್ನು ಹಡಗಿನ ಆಯುಷ್ಯ ಮುಗಿಯುವವರೆಗೂ ತಿದ್ದುತ್ತಲೇ ಇರಬೇಕು. ಹಳೇ ಹಡಗಾದರೆ ಮೊದಲು ಪರಿಣತರು ಹತ್ತಿ ನಕ್ಷೆ ಹಿಡಿದು ಸುತ್ತುತ್ತಾರೆ. ಸಂಶಯ ಬಂದಲ್ಲಿ ಚೂರು ಕಿತ್ತು ಲ್ಯಾಬಿಗೆ ಕಳುಹಿಸುತ್ತಾರೆ. ಕೀಳಲಾಗದ ಕಡೆ ‘ಇರಬಹುದು’ ಎಂದು ಬರೆಯುತ್ತಾರೆ. ‘ಇರಬಹುದು’ ಎಂದರೆ ನಮ್ಮ ಲೆಕ್ಕದಲ್ಲಿ ‘ಇದೆ’ ಎಂದೇ ಅರ್ಥ.

ಬಣ್ಣದ ಕತೆ ಸ್ವಲ್ಪ ಹೇಳಬೇಕು, ಅದು ನನಗೆ ಇಷ್ಟದ ವಿಷಯ. ಹಡಗಿನ ಅಡಿಗೆ ಚಿಪ್ಪು, ಪಾಚಿ ಅಂಟಿದರೆ ವೇಗ ಕುಗ್ಗುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ. ಅಂಟದಿರಲಿ ಎಂದು ತವರ ಸೇರಿಸಿದ ಟಿಬಿಟಿ ಎಂಬ ವಿಷ ಬೆರೆಸಿ ಬಳಿಯುತ್ತಿದ್ದರು. ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಕೃಷಿ ನೆಲಕಚ್ಚುವವರೆಗೆ, ಹೆಣ್ಣು ಕಡಲಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿದೆ ಎಂದು ಪತ್ತೆಯಾಗುವವರೆಗೆ. 2008ರಿಂದ ಅದು ನಿಷಿದ್ಧ. ಆದರೆ ಹಳೆಯ ಬಣ್ಣದ ಮೇಲೆ ಅದನ್ನು ಮುಚ್ಚುವಂಥ ಇನ್ನೊಂದು ಪದರ ಬಳಿದರೂ ಕಾನೂನು ಒಪ್ಪುತ್ತದೆ. ನಮ್ಮ ಅಜ್ಜನ ಮನೆಯ ಗೋಡೆಯಲ್ಲಿ ಸುಣ್ಣದ ಹತ್ತು ಪದರ ಇದ್ದಂತೆ, ಹಡಗಿನ ಅಡಿಯಲ್ಲಿ ಯಾವ ವರ್ಷ ಯಾವ ಬಣ್ಣ ಎಂಬುದನ್ನೂ ಬರೆದಿಡಬೇಕು.

ಈಗ ಸಾಫ್ಟ್‌ವೇರು ಏನು ಮಾಡುತ್ತದೆ ನೋಡೋಣ. ಹಡಗಿನಿಂದ ಥರ್ಡ್ ಎಂಜಿನಿಯರ್ ಒಂದು ಪಂಪಿಗೆ ಗ್ಯಾಸ್ಕೆಟ್ ಬೇಕೆಂದು ಬರೆಯುತ್ತಾನೆ. ಮುಂಬಯಿಯ ಪರ್ಚೇಸ್ ವಿಭಾಗ ಆರ್ಡರು ಕೊಡುತ್ತದೆ. ಆರ್ಡರಿನ ಪ್ರತಿ ತನ್ನಷ್ಟಕ್ಕೇ ನಮ್ಮ ಸಾಫ್ಟ್‌ವೇರಿಗೂ ಬರುತ್ತದೆ. ಅಕ್ಕಿ, ಬೇಳೆ, ಸಾಬೂನು, ಕಾಗದ ಇವನ್ನು ಅದು ಬದಿಗೆ ಸರಿಸುತ್ತದೆ. ಗ್ಯಾಸ್ಕೆಟ್, ಬಣ್ಣ, ಕೇಬಲ್, ಬೇರಿಂಗ್, ಸ್ವಿಚ್ಚು ಕಂಡರೆ ಮಾರಿದವರಿಗೆ ಮಿಂಚಂಚೆ ಕಳುಹಿಸಿ ಎರಡು ಕಾಗದ ಕೇಳುತ್ತದೆ. ಮೊದಲನೆಯದು ಎಂಡಿ, ವಸ್ತುವಿನ ಘೋಷಣೆ. ಕಲ್ನಾರು ಇದೆಯೇ, ಪಿಸಿಬಿ ಎಂಬ ರಾಸಾಯನಿಕ ಇದೆಯೇ, ಕ್ಯಾಡ್ಮಿಯಂ, ಪಾದರಸ, ಸೀಸ ಇದೆಯೇ, ಇದ್ದರೆ ಎಷ್ಟು, ಆ ಸಾಮಾನಿನ ಯಾವ ಭಾಗದಲ್ಲಿ ಎಂದು ಒಂದೊಂದಾಗಿ ಹೌದು-ಇಲ್ಲ ತುಂಬಬೇಕು. ಎರಡನೆಯದಕ್ಕೆ ನಾವು ಎಸ್‌ಡಾಕ್ ಅನ್ನುತ್ತೇವೆ. ‘ನಾನು ತುಂಬಿದ್ದು ನಿಜ, ಅದಕ್ಕೆ ನಾನೇ ಹೊಣೆ’ ಎಂಬ ಸಹಿ. ಒಂದು ವಾರ ಉತ್ತರ ಬಾರದಿದ್ದರೆ ಸಾಫ್ಟ್‌ವೇರು ಮತ್ತೆ ಕೇಳುತ್ತದೆ, ಆಮೇಲೆ ಮತ್ತೆ. ಮನುಷ್ಯನಿಗೆ ಬೇಸರ ಬರುತ್ತದೆ, ಅದಕ್ಕೆ ಬರುವುದಿಲ್ಲ. ಅದರ ದೊಡ್ಡ ಗುಣ ಇದು.

‘ಹೌದು’ ಎಂದು ಬಂದರೆ ಥರ್ಡ್ ಎಂಜಿನಿಯರ್ ಆ ಸಾಮಾನನ್ನು ಎಲ್ಲಿ ಕೂರಿಸಿದ ಎಂದು ಹಡಗಿನ ನಕ್ಷೆಯ ಮೇಲೆ ಚುಕ್ಕಿ ಇಡಬೇಕು. ಎಂಜಿನ್ ರೂಮು, ಎರಡನೇ ಮಜಲು, ಎಡಬದಿ, ಇಂಥ ಪಂಪು, ಇಷ್ಟು ಗ್ರಾಂ. ಕಿತ್ತು ಇಳಿಸಿದ ದಿನ ಆ ಚುಕ್ಕಿ ಅಳಿಸಬೇಕು. ಇದೇ ಮ್ಯುಟೇಶನ್. ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಸರ್ವೇಯರ್ ಬಂದು ಈ ಪುಟಗಳನ್ನೇ ತಿರುವಿಹಾಕುತ್ತಾರೆ.

ಎಷ್ಟಿದ್ದರೆ ‘ಇದೆ’ ಎನ್ನಬೇಕು ಎಂಬುದಕ್ಕೆ ಮಿತಿಗಳಿವೆ. ಕಲ್ನಾರಿಗೆ ಶೇ. 0.1, ಒಂದು ಕಿಲೋದಲ್ಲಿ ಒಂದು ಗ್ರಾಂ. ಸೀಸಕ್ಕೂ ಪಾದರಸಕ್ಕೂ ಕಿಲೋಗೆ 1,000 ಮಿಲಿಗ್ರಾಂ. ಕ್ಯಾಡ್ಮಿಯಂಗೆ 100. ಪಿಸಿಬಿಗೆ 50. ಆದರೆ ಎಲ್ಲ ದೇಶದ ಅಳತೆಯೂ ಒಂದೇ ಅಲ್ಲ. ಅಮೆರಿಕದ ನಿಯಮಗಳಲ್ಲಿ ಶೇ. 1ಕ್ಕಿಂತ ಹೆಚ್ಚು ಇದ್ದರೆ ಮಾತ್ರ ಕಲ್ನಾರಿನ ವಸ್ತು ಎನ್ನುತ್ತಾರೆ. ಹಾಗಾಗಿ ಒಂದು ದೇಶದಲ್ಲಿ ‘ಕಲ್ನಾರುರಹಿತ’ ಎಂದು ಪ್ರಾಮಾಣಿಕವಾಗಿಯೇ ಚೀಟಿ ಅಂಟಿಸಿದ ಸಾಮಾನು ಇನ್ನೊಂದು ದೇಶದ ಹಡಗಿನಲ್ಲಿ ಸುಳ್ಳಾಗಬಹುದು. 2011ರ ನಂತರ ಕಟ್ಟಿದ ಹಡಗುಗಳಲ್ಲೂ ಕಲ್ನಾರು ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಮೊದಲು ಹೇಳಿದ ಮೂರು ಜಾಯಿಂಟಿಂಗ್ ಶೀಟಿಗೆ, ಅಂದರೆ ಗ್ಯಾಸ್ಕೆಟ್ ಕತ್ತರಿಸುವ ಹಾಳೆಗೆ ಬರುತ್ತೇನೆ. ಅಂಗಡಿಗೆ ನಾನೇ ಬರೆದೆ. ಎರಡು ದಿನದಲ್ಲಿ ಕಾಗದ ಬಂತು, ಎಲ್ಲಕ್ಕೂ ‘ಇಲ್ಲ’. ಇಷ್ಟು ಬೇಗ ಬಂದದ್ದೇ ನನಗೆ ಸರಿಕಾಣಲಿಲ್ಲ. ಅದೇ ಅಂಗಡಿ ಹಿಂದೆ ಒಂದು ವಾಲ್ವಿಗೆ ಕಳುಹಿಸಿದ್ದ ಘೋಷಣೆ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದೆ. ಸಹಿ ಅದೇ, ಮೊಹರು ಅದೇ, ಮೊಹರಿನ ಮೂಲೆಯಲ್ಲಿ ಶಾಯಿ ಹರಡಿದ ಕಲೆಯೂ ಅದೇ. ತಾರೀಕು ಮಾತ್ರ ಹೊಸತು. ಸಾಫ್ಟ್‌ವೇರು ಅಷ್ಟರಲ್ಲಿ ಆ ಸಾಲಿಗೆ ಹಸಿರು ಬಳಿದಾಗಿತ್ತು. ಅದಕ್ಕೆ ಬೇಕಾದ ಕಾಗದ ಬಂದಿತ್ತಲ್ಲ. ಹಡಗಿಗೆ ಫೋನ್ ಮಾಡಿಸಿದೆ. “ಸರ್, ಒಂದೂವರೆ ಹಾಳೆ ಕತ್ತರಿಸಿ ಆಯಿತು,” ಎಂದ ಹುಡುಗ. ಉಳಿದದ್ದನ್ನು ಮುಟ್ಟಬೇಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಲ್ ಮಾಡು, ಅಂಗೈಯಗಲದ ಚೂರು ಮುಂದಿನ ಬಂದರಿನಲ್ಲಿ ಲ್ಯಾಬಿಗೆ ಕೊಡು ಎಂದೆ. ಫಲಿತಾಂಶ: ಬಿಳಿ ಕಲ್ನಾರು ಇದೆ. ಕತ್ತರಿಸಿದ ಒಂದೂವರೆ ಹಾಳೆ ಐದು ಫ್ಲೇಂಜುಗಳಲ್ಲಿ ಕುಳಿತಿತ್ತು. ಐದನ್ನೂ ಹುಡುಕಿ, ಚುಕ್ಕಿ ಇಟ್ಟು, ಫಲಕ ತೂಗುಹಾಕಿದೆವು. ಮುಂದಿನ ಡ್ರೈಡಾಕಿನಲ್ಲಿ ಅದಕ್ಕೆಂದೇ ಪರವಾನಗಿ ಇರುವವರನ್ನು ಕರೆಸಿ ತೆಗೆಸಿದೆವು. ಮೂರು ಹಾಳೆಯ ಬೆಲೆಯ ಎಷ್ಟೋ ಪಟ್ಟು ಖರ್ಚು. ಅಂಗಡಿಯವರು ‘ನಮಗೆ ತಯಾರಕರು ಹಾಗೆಯೇ ಹೇಳಿದ್ದರು’ ಎಂದು ಎರಡು ಸಾಲು ಬರೆದರು.

ಆ ಹುಡುಗ ಕತ್ತರಿಸುವಾಗ ಮುಖಕ್ಕೆ ಏನೂ ಕಟ್ಟಿಕೊಂಡಿರಲಿಲ್ಲ. ನಾನು ಕೇಳಿದ್ದೆ.

ಸಾಫ್ಟ್‌ವೇರ್ ಮಾರುವವರು ಕಚೇರಿಗೆ ಬಂದರೆ ಮೊದಲು ತೋರಿಸುವುದು ಒಂದು ದುಂಡು ಚಿತ್ರ. ಶೇ. 96 ಹಸಿರು, ಶೇ. 4 ಕೆಂಪು. ಕೋಟು ತೊಟ್ಟವರು ತಲೆದೂಗುತ್ತಾರೆ. ಹಸಿರು ಎಂದರೆ ವಿಷ ಇಲ್ಲ ಎಂದಲ್ಲ, ಕಾಗದ ಬಂದಿದೆ ಎಂದಷ್ಟೇ. ನಮ್ಮ ಜಾಗದ ಪಹಣಿಯಲ್ಲಿ ಹಿಂದೆ ಕೈಬರಹದ ಕಾಲದಲ್ಲಿ ಯಾರೋ 37 ಸೆಂಟ್ಸನ್ನು 73 ಎಂದು ಬರೆದಿದ್ದರು. ಎಲ್ಲವೂ ಕಂಪ್ಯೂಟರಿಗೆ ಹೋದಾಗ ತಪ್ಪೂ ಹೋಯಿತು. ಕೈಬರಹ ಇದ್ದಾಗ ‘ಅದು ಬರೆದವರ ತಪ್ಪು’ ಎನ್ನುತ್ತಿದ್ದರು. ಅಚ್ಚಾಗಿ ಬಂದ ಮೇಲೆ ‘ಕಂಪ್ಯೂಟರಿನಲ್ಲಿ ಹೀಗೇ ಇದೆಯಲ್ಲ’ ಎಂದರು. ತಿದ್ದಿಸಲು ಅಪ್ಪನಿಗೆ ನಾಲ್ಕು ವರ್ಷ ಹಿಡಿಯಿತು.

ಹಡಗಿನ ಲೋಕದಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಎರಡು ಯುದ್ಧನೌಕೆಗಳು. ಯುದ್ಧನೌಕೆಗಳಿಗೆ ಹಾಂಗ್‌ಕಾಂಗ್ ಒಪ್ಪಂದ ಅನ್ವಯಿಸುವುದಿಲ್ಲ ನಿಜ, ಆದರೆ ಪಾಠಕ್ಕೆ ಅಡ್ಡಿಯಿಲ್ಲ. ಫ್ರಾನ್ಸಿನ ‘ಕ್ಲೆಮಾನ್ಸೊ’ ವಿಮಾನವಾಹಕ 2005ರ ಕೊನೆಯ ದಿನ ಅಲಂಗ್‌ಗೆಂದು ಹೊರಟಿತು. ಅದರಲ್ಲಿ ಎಷ್ಟು ಕಲ್ನಾರಿದೆ ಎಂಬ ಬಗ್ಗೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದರು. ವಿಷಯ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. 2006ರ ಫೆಬ್ರವರಿಯಲ್ಲಿ ಅಧ್ಯಕ್ಷ ಶಿರಾಕ್ ಹಡಗನ್ನು ವಾಪಸು ಕರೆಸಿಕೊಂಡರು. ಕೊನೆಗೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಒಡೆದರು. ಅದರ ತದ್ರೂಪಿ ತಂಗಿ ‘ಫಾಶ್’ ಬ್ರೆಜಿಲಿಗೆ ಮಾರಾಟವಾಗಿ ‘ಸಾವ್ ಪಾವ್ಲೊ’ ಆಗಿತ್ತು. 2022ರಲ್ಲಿ ಅದನ್ನು ಒಡೆಯಲು ಟರ್ಕಿಗೆ ಎಳೆದುಕೊಂಡು ಹೊರಟಾಗ ಅದರ ಪಟ್ಟಿಯಲ್ಲಿ ಇದ್ದ ಕಲ್ನಾರು 9.6 ಟನ್. ಅಕ್ಕನ ಮೈಯಲ್ಲಿ ಇದ್ದದ್ದು ಸುಮಾರು 760 ಟನ್ ಎಂದು ಪರಿಸರ ಸಂಘಟನೆಗಳು ಎತ್ತಿ ತೋರಿಸಿದವು. ಪಟ್ಟಿ ಮಾಡಿದವರು ಎಲ್ಲ ಕೋಣೆಗಳನ್ನೂ ತೆರೆದು ನೋಡಿರಲಿಲ್ಲ. ಆಗಸ್ಟಿನಲ್ಲಿ ಟರ್ಕಿ ಅನುಮತಿ ಹಿಂಪಡೆಯಿತು. ಜಿಬ್ರಾಲ್ಟರಿನ ಹತ್ತಿರದಿಂದ ಹಡಗು ತಿರುಗಿತು. ತವರಿನ ಬಂದರುಗಳೂ ಬಾಗಿಲು ಹಾಕಿದವು. 2023ರ ಫೆಬ್ರವರಿ 3ರಂದು ಬ್ರೆಜಿಲ್ ನೌಕಾಪಡೆ ಅದನ್ನು ದಡದಿಂದ ಸುಮಾರು 350 ಕಿ.ಮೀ. ಆಚೆ, 5,000 ಮೀಟರ್ ಆಳದಲ್ಲಿ ಮುಳುಗಿಸಿಬಿಟ್ಟಿತು, ಒಳಗಿದ್ದ ಎಲ್ಲದರ ಸಮೇತ.

ಮೂರು ವರ್ಷದ ಹಿಂದೆ ಕಚೇರಿಯ ಕೆಲಸಕ್ಕೆ ಅಲಂಗ್‌ಗೆ ಹೋಗಿದ್ದೆ. ದಾರಿಯ ಎರಡೂ ಬದಿಗೆ ಹಡಗಿನ ಸೋಫಾ, ಪಿಂಗಾಣಿ ತಟ್ಟೆ, ಬಾಗಿಲು, ಲೈಫ್‌ಬೋಟು ಮಾರುವ ಅಂಗಡಿಗಳ ಸಾಲು. ಅಲ್ಲಿನ ನೂರಕ್ಕೂ ಹೆಚ್ಚು ಯಾರ್ಡುಗಳು ಈಗ ಹಾಂಗ್‌ಕಾಂಗ್ ಒಪ್ಪಂದಕ್ಕೆ ತಕ್ಕಂತೆ ಸಜ್ಜಾಗಿವೆ. ನಾನು ಹೋದ ಯಾರ್ಡಿನಲ್ಲಿ ಕಟ್ಟುನಿಟ್ಟಿನ ಒಬ್ಬ ಸೇಫ್ಟಿ ಅಧಿಕಾರಿ ಇದ್ದರು. ಅವರ ಕೈಯಲ್ಲಿ ನಮ್ಮಂಥದೇ ಯಾವುದೋ ಕಚೇರಿ ತಯಾರಿಸಿದ ನಕ್ಷೆಯ ಪ್ರಿಂಟು, ಮಳೆಗೆ ನೆನೆದು ಅಂಚು ಮಡಚಿದ್ದು. ಚುಕ್ಕಿ ಇರುವ ಕಡೆಯೆಲ್ಲ ಹಡಗಿನ ಗೋಡೆಗೆ ಕೆಂಪು ಸ್ಪ್ರೇ ಹೊಡೆಸುತ್ತಿದ್ದರು. ಕೆಂಪು ಇದ್ದಲ್ಲಿ ಮೊದಲು ಮುಖವಾಡದವರು ಹೋಗಿ ನೀರು ಸಿಂಪಡಿಸಿ ತೆಗೆಯಬೇಕು, ಆಮೇಲೆ ಕಟರ್ ಹಿಡಿದವರು. ಒಡಿಶಾದಿಂದ ಬಂದಿದ್ದ ಒಬ್ಬ ಕಟರ್‌ನನ್ನು, ಕೆಂಪು ಇಲ್ಲದ ಕಡೆ ಏನು ಮಾಡುತ್ತೀ ಎಂದು ಕೇಳಿದೆ. “ಕೆಂಪು ಇಲ್ಲ ಅಂದರೆ ಏನೂ ಇಲ್ಲ ಅಂತಲ್ಲವಾ ಸಾಹೇಬ್? ಕತ್ತರಿಸುತ್ತೇನೆ,” ಎಂದ.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ‘ಇತರೆ ಸಾಮಾನು’ ಎಂಬ ಗುಂಪನ್ನು ಸಾಫ್ಟ್‌ವೇರಿನಿಂದ ತೆಗೆಸಿದ್ದು. ಪರ್ಚೇಸ್‌ನವರು ಈಗಲೂ ನನ್ನ ಮೇಲೆ ಗೊಣಗುತ್ತಾರೆ. ಪೆನ್ಸಿಲುಗಳು ಈಗಲೂ ಸಿಕ್ಕಿಬೀಳುತ್ತವೆ. ಬೀಳಲಿ.

ಈಗ ಓಡುತ್ತಿರುವ 500 ಟನ್ನೇಜಿನ ಮೇಲಿನ ಹಳೆಯ ಹಡಗುಗಳಿಗೆ ಪಟ್ಟಿ ಮಾಡಿಕೊಳ್ಳಲು 2030ರ ಜೂನ್ 26ರವರೆಗೆ ಗಡುವು ಇದೆ. ಅದಕ್ಕೂ ಮೊದಲು ಒಡೆಯಲು ಹೊರಟರೆ ಆಗಲೇ ಬೇಕು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹುಡುಗರು ಹಡಗಿನಲ್ಲಿದ್ದಾರೆ. ನಿಮ್ಮ ಮನೆಯವನೂ ಇದ್ದರೆ, ಮುಂದಿನ ಸಲ ಫೋನ್ ಬಂದಾಗ ಇಷ್ಟು ಹೇಳಿ: ಹಳೆಯ ಗ್ಯಾಸ್ಕೆಟ್ಟಿಗೆ, ಬಿಳಿ ಹೊದಿಕೆಗೆ ಕೈಹಾಕುವ ಮುಂಚೆ ಚೀಫ್ ಎಂಜಿನಿಯರನ್ನು ಕೇಳಿ ಐಎಚ್‌ಎಂ ಕಡತ ತೆರೆಸಿ ನೋಡು. ಕಡತ ಹಡಗಿನಲ್ಲೇ ಇರುತ್ತದೆ. ಅದರಲ್ಲಿ ಏನೂ ಬರೆದಿಲ್ಲದಿದ್ದರೂ ಮುಖವಾಡ ಹಾಕಿಕೊಂಡು, ನೀರು ಹಾಕಿ ತೇವ ಮಾಡಿಯೇ ಕೆರೆ. ಕಂಪ್ರೆಸರಿನ ಗಾಳಿ ಮಾತ್ರ ಬಿಡಬೇಡ.